ಪುಟಾಣಿ ನಿಲ್ದಾಣಕ್ಕೆ ಅಗ್ಗದ ಬೆಳಕು: ಮಾದರಿ ರೈಲಿಗೆ ಎಲ್‌ಇಡಿ ಹುಡುಕಿ ಜೋಡಿಸುವುದು ಹೇಗೆ?

ಕೊಡಗಿಗೆ ರೈಲಿಲ್ಲ. ರೈಲು ಹತ್ತಬೇಕೆಂದರೆ ಮೈಸೂರಿಗೆ ಇಳಿಯಬೇಕು, ಇಲ್ಲವಾದರೆ ಸುಬ್ರಹ್ಮಣ್ಯ ರೋಡ್‌ಗೋ ಕಣ್ಣೂರಿಗೋ ಹೋಗಬೇಕು. ನಾನು ಮೊದಲು ಹತ್ತಿದ ರೈಲು ಮಡಿಕೇರಿಯ ರಾಜಾಸೀಟಿನ ಪುಟಾಣಿ ರೈಲು. ಅಂದಿನ ಆಸೆ ಇಂದಿಗೂ ಆರಿಲ್ಲ. ಮನೆಯ ಹಿಂದಿನ ಕೋಣೆಯಲ್ಲಿ ಆರಡಿ ಪ್ಲೈವುಡ್ ಮೇಲೆ ಈಗ ಒಂದು ಘಾಟಿ ನಿಲ್ದಾಣ ಎದ್ದಿದೆ. ಸಕಲೇಶಪುರ–ಸುಬ್ರಹ್ಮಣ್ಯ ನಡುವೆ 57 ಸುರಂಗಗಳ ದಾರಿಯಲ್ಲಿ ಸಿಗುವ ಎಡಕುಮೇರಿಯಂಥದ್ದು: ಸುತ್ತ ಕಾಡು, ಒಂದು ಪ್ಲಾಟ್‌ಫಾರಂ, ಎರಡು ಕೋಣೆಯ ಕಟ್ಟಡ. ಹಗಲಲ್ಲಿ ನೋಡಿದರೆ ಅದೊಂದು ಆಟಿಕೆ. ರಾತ್ರಿ ಕೋಣೆಯ ದೀಪ ಆರಿಸಿ ನಿಲ್ದಾಣದ ದೀಪ ಹಾಕಿದಾಗ, ಕಣ್ಣೂರಿನ ರಾತ್ರಿ ರೈಲಿಗೆ ಅಲ್ಲಿ ಯಾರೋ ಕಾದು ನಿಂತಿದ್ದಾರೆ ಅನಿಸುತ್ತದೆ.

ಆ ಬೆಳಕಿಗಾಗಿ ನಾನು ಮೊದಲು ಬಹಳ ದುಡ್ಡು ಸುರಿದೆ. ಮಾದರಿ ರೈಲಿನ ಹವ್ಯಾಸಿಗಳಿಗೆಂದೇ ಮಾರುವ, ತಂತಿ ಕೂಡಿಸಿದ ದೀಪದ ಕಂಬಗಳನ್ನು ಹೊರಗಿನಿಂದ ತರಿಸಿದೆ. ಒಂದು ಕಂಬ ಕೆಟ್ಟಾಗ ಬಿಚ್ಚಿ ನೋಡಿದರೆ ಒಳಗಿದ್ದದ್ದು ಒಂದು ಎಲ್‌ಇಡಿ, ಎರಡು ತಂತಿ, ಕೆಳಗೆ ಕರೆಂಟನ್ನು ತಡೆಯುವ ಒಂದು ರೆಸಿಸ್ಟರ್. ಈ ಮೂರೂ ನಮ್ಮ ಊರುಗಳಲ್ಲೇ ಸಿಗುತ್ತವೆ, ಹಲವು ಸಲ ಪುಕ್ಕಟೆಯಾಗಿ. ಹುಡುಕುವುದು ಎಲ್ಲಿ, ಜೋಡಿಸುವುದು ಹೇಗೆ ಅಂತ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಳತೆ

ಅಂಗಡಿಗೆ ಹೋಗುವ ಮುಂಚೆ ಒಂದು ಲೆಕ್ಕ ಮಾಡಿಕೊಳ್ಳಿ. ಎಚ್‌ಓ ಅಳತೆಯ ಮಾದರಿ ಎಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಎಲ್ಲೆಡೆ ಸಿಗುವ 5 ಮಿ.ಮೀ. ಎಲ್‌ಇಡಿಯನ್ನು ಕಂಬದ ತುದಿಗೆ ಸಿಕ್ಕಿಸಿದರೆ ಆ ಊರಿನ ಜನರ ಕಣ್ಣಿಗೆ ಅದು 43 ಸೆಂಟಿಮೀಟರ್ ಅಗಲದ ಬುರುಡೆ, ಹೆಚ್ಚುಕಡಿಮೆ ಒಂದು ಕೊಡಪಾನದಷ್ಟು ದೊಡ್ಡದು. 3 ಮಿ.ಮೀ.ನದ್ದಾದರೆ 26 ಸೆಂಟಿಮೀಟರ್. 0603 ಎಂಬ ಸಂಖ್ಯೆಯ ಎಸ್‌ಎಂಡಿ ಎಲ್‌ಇಡಿ, ಎಂದರೆ ಕಾಲುಗಳಿಲ್ಲದೆ ನೇರವಾಗಿ ಬೆಸೆಯುವ ಜಾತಿಯದ್ದು, ಬರೀ 1.6 ಮಿ.ಮೀ. ಉದ್ದ, 0.8 ಮಿ.ಮೀ. ಅಗಲ, ಅದು ನಿಜವಾದ ಬಲ್ಬಿನ ಗಾತ್ರಕ್ಕೆ ಸರಿಹೋಗುತ್ತದೆ.

ಹಾಗಾಗಿ ಕಣ್ಣಿಗೆ ಕಾಣುವ ದೀಪಗಳಿಗೆ, ಎಂದರೆ ಕಂಬ, ಸಿಗ್ನಲ್, ಇಂಜಿನ್ನಿನ ಮುಂದೀಪಕ್ಕೆ, ಸಣ್ಣ ಎಲ್‌ಇಡಿ ಬೇಕು. ಕಟ್ಟಡದ ಒಳಗೆ ಮಾಡಿಗೆ ಅಂಟಿ ಕೂರುವ ದೀಪ ಯಾರಿಗೂ ಕಾಣುವುದಿಲ್ಲ, ಬೆಳಕಷ್ಟೇ ಕಿಟಕಿಯಿಂದ ಹೊರಬರುತ್ತದೆ. ಅಲ್ಲಿ 5 ಮಿ.ಮೀ.ನದ್ದೇ ಸಾಕು. ಬೇಕಾದ ದೀಪಗಳನ್ನು ಹೀಗೆ ಎರಡು ಪಟ್ಟಿ ಮಾಡಿಕೊಂಡರೆ ಅರ್ಧ ಖರ್ಚು ಅಲ್ಲೇ ಉಳಿಯುತ್ತದೆ.

ಎಲ್ಲಿ ಹುಡುಕಬೇಕು?

ನನ್ನ ಮೊದಲ ಆಯ್ಕೆ ತಾಮ್ರದ ಸಣ್ಣ ತಂತಿಯ ಫೇರಿ ಲೈಟ್. ಬಾಟಲಿಯೊಳಗೆ ಇಟ್ಟು ಅಲಂಕಾರ ಮಾಡುತ್ತಾರಲ್ಲ, ಬ್ಯಾಟರಿಯಲ್ಲಿ ಉರಿಯುವುದು, ಅದೇ. ಇದರ ಒಂದೊಂದು ದೀಪವೂ ಪಾರದರ್ಶಕ ಅಂಟಿನ ಹನಿಯೊಳಗೆ ಕೂತ ಸಣ್ಣ ಎಲ್‌ಇಡಿ. ಬಣ್ಣ ಬಹುಪಾಲು ಬೆಚ್ಚನೆಯ ಹಳದಿ ಬಿಳುಪು. ಎಲ್ಲಕ್ಕಿಂತ ಮುಖ್ಯವಾಗಿ ತಂತಿ ಆಗಲೇ ಬೆಸೆದು ಬಂದಿರುತ್ತದೆ. ಕಣ್ಣು ಮಂಜಾದವರಿಗೆ 0603 ಎಲ್‌ಇಡಿಗೆ ತಂತಿ ಬೆಸೆಯುವುದು ಬಹಳ ಕಷ್ಟದ ಕೆಲಸ. ಇಲ್ಲಿ ಅದು ತಪ್ಪುತ್ತದೆ. ಕತ್ತರಿಸುವಾಗ ಎಲ್‌ಇಡಿಯ ಒಂದು ಪಕ್ಕದ ಎರಡೂ ತಂತಿಗಳನ್ನು ಹನಿಯ ಹತ್ತಿರಕ್ಕೆ ಕತ್ತರಿಸಿ, ಇನ್ನೊಂದು ಪಕ್ಕದಲ್ಲಿ ಉದ್ದ ಬಿಡಿ. ಹತ್ತಿರಕ್ಕೆ ಕತ್ತರಿಸಿದ ಎರಡು ತುದಿಗಳು ಒಂದಕ್ಕೊಂದು ತಾಗಬಾರದು. ಉದ್ದ ಬಿಟ್ಟ ತುದಿಗಳ ಮೇಲೆ ಕಣ್ಣಿಗೆ ಕಾಣದ ಲೇಪ ಇರುತ್ತದೆ. ಬ್ಲೇಡಿನಿಂದ ಮೆಲ್ಲಗೆ ಕೆರೆದ ಮೇಲೇ ಬೆಸುಗೆ ಹಿಡಿಯುವುದು. ಯುಎಸ್‌ಬಿ, ರಿಮೋಟ್ ಇರುವ ಉದ್ದದ ಸರಗಳಲ್ಲಿ ಕೆಲವು ದೀಪ ನೇರ, ಕೆಲವು ಉಲ್ಟಾ ಜೋಡಿಸಿರುತ್ತಾರೆ. ಆದ್ದರಿಂದ ಒಂದೊಂದನ್ನೂ ಪರೀಕ್ಷಿಸಿ ಇಡಿ.

ಎರಡನೆಯದು ಹಬ್ಬದ ಸೀರಿಯಲ್ ಸೆಟ್. ಮಡಿಕೇರಿ ದಸರಾದ ದಶಮಂಟಪಗಳ ರಾತ್ರಿಯನ್ನು ನೋಡಿದವರಿಗೆ ಈ ಜಿಲ್ಲೆಯಲ್ಲಿ ದೀಪಕ್ಕೆ ಬರವಿಲ್ಲ ಅನ್ನುವುದು ಗೊತ್ತು. ದಸರಾ, ದೀಪಾವಳಿ, ಕ್ರಿಸ್‌ಮಸ್ ಮುಗಿದ ವಾರ ಉಳಿದ ಸರಗಳನ್ನು ಅಂಗಡಿಯವರು ಕಡಿಮೆಗೆ ಕೊಡುತ್ತಾರೆ. ಅರ್ಧ ಸರ ಉರಿಯದೆ ಮೂಲೆಗೆ ಬಿದ್ದದ್ದು ಪ್ರತಿ ಮನೆಯಲ್ಲೂ ಒಂದಿರುತ್ತದೆ. ಆ ಸರದಲ್ಲಿ ಒಂದು ದೀಪವೋ ಒಂದು ಜೋಡಣೆಯೋ ಹೋಗಿರುತ್ತದೆ, ಮಿಕ್ಕವು ಚೆನ್ನಾಗಿರುತ್ತವೆ. ಆದರೆ ಇದೊಂದು ಮಾತನ್ನು ದಯವಿಟ್ಟು ಮನಸ್ಸಿಟ್ಟು ಓದಿ: ಈ ಸರಗಳು ನೇರವಾಗಿ 230 ವೋಲ್ಟ್ ಕರೆಂಟಿನ ಮೇಲೆ ನಡೆಯುತ್ತವೆ. ನಡುವೆ ಟ್ರಾನ್ಸ್‌ಫಾರ್ಮರ್ ಇಲ್ಲ. ಸರವನ್ನು ತುಂಡು ಮಾಡಿ, ಉಳಿದದ್ದನ್ನು ಮತ್ತೆ ಪ್ಲಗ್‌ಗೆ ಹಾಕಿ ನೋಡುವ ಕೆಲಸ ಯಾವತ್ತೂ ಬೇಡ. ಪ್ಲಗ್ಗನ್ನೇ ಮೊದಲು ಕತ್ತರಿಸಿ ಬಿಸಾಡಿ, ಆಮೇಲೆ ದೀಪಗಳನ್ನು ಎರಡೂ ಕಡೆ ಎರಡೆರಡು ಇಂಚು ತಂತಿ ಬಿಟ್ಟು ಬಿಡಿಸಿ. ತಾವಾಗಿಯೇ ಬಣ್ಣ ಬದಲಿಸುವ ಜಾತಿಯ ದೀಪ ಸಿಕ್ಕರೆ ಬೇರೆ ಡಬ್ಬಿಗೆ ಹಾಕಿ. ನಿಲ್ದಾಣಕ್ಕೆ ಅದು ಹೊಂದುವುದಿಲ್ಲ, ಪಕ್ಕದ ಹಳ್ಳಿಯಲ್ಲಿ ಮದುವೆ ಮನೆ ಮಾಡಿದರೆ ಬಹಳ ಚೆನ್ನಾಗಿ ಕಾಣುತ್ತದೆ.

ಮೂರನೆಯದು ರಿಪೇರಿ ಅಂಗಡಿಗಳ ಮೂಲೆ. ಮಡಿಕೇರಿಯಲ್ಲಿ ನಾನು ಹೋಗುವ ಟಿ.ವಿ. ರಿಪೇರಿ ಅಂಗಡಿಯಲ್ಲಿ ಒಂದು ಶುಕ್ರವಾರ, ಸಂತೆಗೆ ಬಂದವನು, "ಅಣ್ಣ, ಹಳೆ ಟಿ.ವಿ.ಯ ಬ್ಯಾಕ್‌ಲೈಟ್ ಪಟ್ಟಿ ಏನಾದ್ರೂ ಉಂಟಾ?" ಅಂತ ಕೇಳಿದೆ. ಅವರು ಮೇಜಿನಡಿಯಿಂದ ಒಂದು ಗೋಣಿಚೀಲವನ್ನೇ ಎಳೆದರು. "ಎಲ್ಲ ಗುಜರಿಗೆ ಹಾಕುದೇ ಮಾರಾಯ್ರೆ, ಬೇಕಾದಷ್ಟು ತಗೊಳ್ಳಿ. ಒಡೆದ ಗಾಜುಂಟು, ಕೈ ಜಾಗ್ರತೆ." ಆ ಪಟ್ಟಿಗಳಲ್ಲಿ ನೀಲಿ ಛಾಯೆಯ ಬಿಳಿ ಎಲ್‌ಇಡಿಗಳಿದ್ದವು. ಪ್ರತಿಯೊಂದರ ಮೇಲೂ ಬೆಳಕನ್ನು ಹರಡುವ ಪ್ಲಾಸ್ಟಿಕ್ ಟೊಪ್ಪಿ. ನಿಲ್ದಾಣದ ಒಳಗೆ ಅವು ಒಗ್ಗಲಿಲ್ಲ. ಆದರೆ ಹಲಗೆಯ ಮೇಲ್ಗಡೆ ಕಪಾಟಿನ ತಳಕ್ಕೆ ಎರಡು ಪಟ್ಟಿ ಅಂಟಿಸಿ ಬಹಳ ಮಂದವಾಗಿ ಉರಿಸಿದಾಗ ಕಾಡಿನ ಮೇಲೆಲ್ಲ ಬೆಳದಿಂಗಳು. ಇಷ್ಟು ಒಳ್ಳೆಯದೊಂದು ಒಂದು ಪೈಸೆ ಖರ್ಚಿಲ್ಲದೆ ಸಿಕ್ಕಿದ್ದಕ್ಕೆ ಈಗಲೂ ಸಂತೋಷವಾಗುತ್ತದೆ.

ಕೆಟ್ಟ ಎಮರ್ಜೆನ್ಸಿ ಲೈಟು, ಟಾರ್ಚು, ಹಳೆಯ ಕಂಪ್ಯೂಟರ್ ಪೆಟ್ಟಿಗೆಯ ಮುಂಭಾಗ, ಸತ್ತ ವೈಫೈ ರೂಟರ್, ಸೆಟ್‌ಟಾಪ್ ಬಾಕ್ಸ್ ಇವುಗಳಲ್ಲೂ ಎಲ್‌ಇಡಿ ಇರುತ್ತದೆ. ರೂಟರ್ ಒಳಗಿನ ಸಣ್ಣ ಹಸಿರು ಎಲ್‌ಇಡಿಗಳನ್ನು ಸಿಗ್ನಲ್‌ಗೆ ಇಟ್ಟುಕೊಳ್ಳಿ. ಟಿ.ವಿ. ರಿಮೋಟಿನದ್ದು ಬೇಡ, ಅದರ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ. ಹಾಳಾದ 9 ವಾಟ್ ಬಲ್ಬನ್ನೂ ನಾನು ಬಿಟ್ಟಿದ್ದೇನೆ. ಅದರ ಎಲ್‌ಇಡಿಗಳು ಅಲ್ಯೂಮಿನಿಯಂ ಬಿಲ್ಲೆಗೆ ಕಚ್ಚಿಕೊಂಡಿರುತ್ತವೆ, ಬಿಡಿಸುವ ಬಿಸಿಗೆ ಅರ್ಧಕ್ಕರ್ಧ ಹೋಗುತ್ತವೆ. ಒಂದೊಂದಕ್ಕೂ ಬೇಕಾದ ವೋಲ್ಟೇಜ್ ಕೂಡ ಬೇರೆ ಬೇರೆ.

ಹೊಸದನ್ನೇ ಕೊಳ್ಳುವುದಾದರೆ 12 ವೋಲ್ಟಿನ ಎಲ್‌ಇಡಿ ಪಟ್ಟಿಯಷ್ಟು ಲಾಭದ್ದು ಬೇರೆ ಇಲ್ಲ. ಮನೆಯ ಸೀಲಿಂಗಿಗೂ ಕಾರಿಗೂ ಹಾಕುವ, 5 ಮೀಟರ್ ಸುರುಳಿಯಲ್ಲಿ ಬರುವ ಪಟ್ಟಿ. ಮೀಟರಿಗೆ 60 ದೀಪದ್ದು ತಂದರೆ ಒಟ್ಟು 300. ಮೂರು ದೀಪಕ್ಕೊಂದು ಕತ್ತರಿ ಗುರುತಿರುತ್ತದೆ, ಅಲ್ಲಿ ಮಾತ್ರ ಕತ್ತರಿಸಬೇಕು. ಪ್ರತಿ ಮೂರರ ತುಂಡಿಗೂ ಅದರದೇ ರೆಸಿಸ್ಟರ್ ಕೂತಿರುತ್ತದೆ, ಲೆಕ್ಕ ಮಾಡುವ ಕೆಲಸವೇ ಇಲ್ಲ. ಬಿಡಿ 3 ಮಿ.ಮೀ., 5 ಮಿ.ಮೀ. ಎಲ್‌ಇಡಿ ಬೇಕಾದರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ನೂರರ ಲೆಕ್ಕದಲ್ಲಿ ಕೊಳ್ಳಿ. ಬೆಂಗಳೂರಿನಲ್ಲಿರುವ ಮನೆಯ ಮಕ್ಕಳು ರಜೆಗೆ ಬರುವಾಗ ಪಟ್ಟಿ ಕಳಿಸಿದರೆ ಸಾಕು, ಜೇಬಿನಲ್ಲಿ ಹಾಕಿಕೊಂಡು ಬರುವಷ್ಟು ಸಾಮಾನು.

ಆನ್‌ಲೈನ್‌ನಲ್ಲಿ ಕೊಳ್ಳುವವರಿಗೊಂದು ಎಚ್ಚರಿಕೆ. ಒಮ್ಮೆ 'ವಾರ್ಮ್ ವೈಟ್' ಎಂದು ಬರೆದಿದ್ದ ನೂರರ ಪ್ಯಾಕೆಟ್ ತರಿಸಿದೆ, ಬಂದದ್ದೆಲ್ಲ ಆಸ್ಪತ್ರೆ ವಾರ್ಡಿನ ನೀಲಿ ಬಿಳುಪು. ವಾಪಸ್ ತೆಗೆದುಕೊಳ್ಳಲಿಲ್ಲ. ಈಗ ಬೆಳಕಿನ ಬಣ್ಣ 2700ರಿಂದ 3000 ಕೆಲ್ವಿನ್ ಅಂತ ಅಂಕಿಯಲ್ಲಿ ಬರೆದಿದ್ದರಷ್ಟೇ ಕೊಳ್ಳುತ್ತೇನೆ, ಅದೂ ಮೊದಲ ಸಲ ಹತ್ತು ಮಾತ್ರ.

ತಂದದ್ದನ್ನು ಪರೀಕ್ಷಿಸಿ

ಕಂಪ್ಯೂಟರಿನಲ್ಲೂ ತೂಕದ ಯಂತ್ರದಲ್ಲೂ ಇರುವ ನಾಣ್ಯದಂಥ 3 ವೋಲ್ಟ್ ಬ್ಯಾಟರಿ, ಸಿಆರ್2032, ಒಂದನ್ನು ಇಟ್ಟುಕೊಳ್ಳಿ. ಎಲ್‌ಇಡಿಯ ಎರಡು ಕಾಲುಗಳ ನಡುವೆ ಅದನ್ನು ಸಿಕ್ಕಿಸಿದರೆ ಉರಿಯುತ್ತದೆ, ಉರಿಯದಿದ್ದರೆ ತಿರುಗಿಸಿ ನೋಡಿ. ಈ ಬ್ಯಾಟರಿಗೆ ಹೆಚ್ಚು ಕರೆಂಟ್ ಕೊಡುವ ಶಕ್ತಿ ಇಲ್ಲದ್ದರಿಂದ ಪರೀಕ್ಷೆಗೆ ರೆಸಿಸ್ಟರ್ ಬೇಡ. ಹೊಸ ಎಲ್‌ಇಡಿಯಲ್ಲಿ ಉದ್ದದ ಕಾಲು ಪ್ಲಸ್, ಅಂಚು ಚಪ್ಪಟೆಯಾಗಿರುವ ಕಡೆ ಮೈನಸ್. ಸರದಿಂದ ಬಿಡಿಸಿದ್ದಕ್ಕೆ ಈ ಗುರುತು ಉಳಿದಿರುವುದಿಲ್ಲ. ಪರೀಕ್ಷೆ ಮಾಡುತ್ತಿರುವಾಗಲೇ ಪ್ಲಸ್ ತಂತಿಗೆ ಉಗುರುಬಣ್ಣದ ಒಂದು ಚುಕ್ಕೆ ಇಡಿ. ಮುಂದೆ ಇದರಿಂದ ಆಗುವ ಉಪಕಾರ ಅಷ್ಟಿಷ್ಟಲ್ಲ.

ರೆಸಿಸ್ಟರ್: ಇಲ್ಲಿ ಅವಸರ ಬೇಡ

ಎಲ್‌ಇಡಿ ತಾನಾಗಿ ಕರೆಂಟನ್ನು ತಡೆಯುವುದಿಲ್ಲ. ಸ್ವಲ್ಪ ಹೆಚ್ಚು ವೋಲ್ಟೇಜ್ ಕೊಟ್ಟರೂ ಸಿಕ್ಕಷ್ಟು ಕರೆಂಟ್ ಕುಡಿದು ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಅದನ್ನು ತಡೆಯುವ ಗೇಟು ರೆಸಿಸ್ಟರ್. ಲೆಕ್ಕ ಸುಲಭ: ಅಡಾಪ್ಟರಿನ ವೋಲ್ಟೇಜಿನಿಂದ ಎಲ್‌ಇಡಿಯ ವೋಲ್ಟೇಜ್ ಕಳೆಯಿರಿ, ಉಳಿದದ್ದನ್ನು ಬೇಕಾದ ಕರೆಂಟಿನಿಂದ ಭಾಗಿಸಿ. ಬಿಳಿ, ನೀಲಿ ಎಲ್‌ಇಡಿಗೆ ಸುಮಾರು 3 ವೋಲ್ಟ್. ಕೆಂಪು, ಹಳದಿಗೆ ಸುಮಾರು 2 ವೋಲ್ಟ್. 12 ವೋಲ್ಟಿನ ಅಡಾಪ್ಟರಿಗೆ ಒಂದು ಬಿಳಿ ಎಲ್‌ಇಡಿ, 5 ಮಿಲಿಆಂಪ್ ಸಾಕು ಎಂದಿಟ್ಟುಕೊಳ್ಳಿ: 12ರಲ್ಲಿ 3 ಹೋದರೆ 9, ಅದನ್ನು 0.005 ಆಂಪ್‌ನಿಂದ (5 ಮಿಲಿಆಂಪ್) ಭಾಗಿಸಿದರೆ 1800 ಓಮ್. ಅಂಗಡಿಯಲ್ಲಿ 1.8ಕೆ ಎಂದು ಕೇಳಿ, ಕೆ ಎಂದರೆ ಸಾವಿರ. ಕಾಲು ವಾಟಿನದ್ದು ಸಾಕು.

ಇಂಥ ಎಲ್‌ಇಡಿಗಳಿಗೆ 20 ಮಿಲಿಆಂಪ್‌ವರೆಗೆ ಕೊಡಬಹುದು. ಮೊದಮೊದಲು ನಾನು ಅಷ್ಟೂ ಕೊಟ್ಟೆ, 470 ಓಮ್ ಹಾಕಿ. ಪ್ಲಾಟ್‌ಫಾರಂ ಕ್ರಿಕೆಟ್ ಮೈದಾನದ ಹಾಗೆ ಬೆಳಗಿತು. ಗೋಡೆಗಳೇ ಬೆಳಕು ಸೋರಿ ಹೊಳೆಯತೊಡಗಿದವು, ಕಾಡಿನ ಕತ್ತಲೆಯೆಲ್ಲ ಹೋಯಿತು. ಮಾದರಿ ಊರಿಗೆ ಬೇಕಾದದ್ದು ಬಹಳ ಕಡಿಮೆ ಬೆಳಕು. ಅದನ್ನು ಅಂಕಿಯಲ್ಲಿ ಹಿಡಿಯಲು ನಾನು ಕಂಡುಕೊಂಡ ದಾರಿ ಇದು.

470 ಓಮ್ ರೆಸಿಸ್ಟರ್ ಒಂದನ್ನು 10ಕೆ ಪ್ರೀಸೆಟ್ ಜತೆ ಸಾಲಾಗಿ ಜೋಡಿಸಿ, ಆಮೇಲೆ ಎಲ್‌ಇಡಿ. ಪ್ರೀಸೆಟ್ ಎಂದರೆ ಸ್ಕ್ರೂಡ್ರೈವರಿನಿಂದ ತಿರುಗಿಸಿ ರೆಸಿಸ್ಟೆನ್ಸ್ ಬದಲಿಸುವ ಸಣ್ಣ ಬಿಡಿಭಾಗ, ಹಳೆ ರೇಡಿಯೊದ ವಾಲ್ಯೂಮ್ ಗುಂಡಿಯೂ ಅದೇ ಕೆಲಸ ಮಾಡುತ್ತದೆ. ದೀಪವನ್ನು ಅದರ ಜಾಗದಲ್ಲೇ ಕೂರಿಸಿ. ಕೋಣೆ ಕತ್ತಲು ಮಾಡಿ. ಎರಡು ನಿಮಿಷ ಸುಮ್ಮನೆ ಕೂತು ಕಣ್ಣು ಹೊಂದಿಕೊಂಡ ಮೇಲೆ ಮೆಲ್ಲಗೆ ತಿರುಗಿಸುತ್ತ ಹೋಗಿ. ಕಿಟಕಿಯ ಸರಳುಗಳ ನೆರಳು ಪ್ಲಾಟ್‌ಫಾರಂ ಮೇಲೆ ಬಿದ್ದೂ ಬೀಳದ ಹಾಗೆ ಕಾಣುವಲ್ಲಿ ನಿಲ್ಲಿಸಿ. ಕರೆಂಟ್ ತೆಗೆದು, ಎರಡರ ಒಟ್ಟು ಓಮ್ ಎಷ್ಟಾಯಿತೆಂದು ಮಲ್ಟಿಮೀಟರಿನಲ್ಲಿ ಅಳೆಯಿರಿ. ಅದಕ್ಕೆ ಹತ್ತಿರದ ರೆಸಿಸ್ಟರನ್ನು ಖಾಯಂ ಮಾಡಿ. ನನ್ನ ಸ್ಟೇಷನ್ ಮಾಸ್ಟರ್ ಕೋಣೆಯ ದೀಪ ನಿಂತದ್ದು 8.2ಕೆ ಹತ್ತಿರ. ಎಂದರೆ ಅಲ್ಲಿ ಹರಿಯುವುದು ಸುಮಾರು ಒಂದೇ ಒಂದು ಮಿಲಿಆಂಪ್. ಈಗಿನ ಎಲ್‌ಇಡಿಗಳಿಗೆ ಅದು ಧಾರಾಳ ಸಾಕು.

ಒಂದೇ ಬಣ್ಣದ ಮೂರು ಬಿಳಿ ದೀಪಗಳನ್ನು ಒಂದರ ಹಿಂದೆ ಒಂದು ಪೋಣಿಸಿದರೆ ಮೂರಕ್ಕೂ ಒಂದೇ ರೆಸಿಸ್ಟರ್ ಸಾಕಾಗುತ್ತದೆ: 12ರಲ್ಲಿ 9 ಹೋಗಿ 3, 5 ಮಿಲಿಆಂಪ್‌ಗೆ 600 ಓಮ್, ಅಂಗಡಿಯಲ್ಲಿ ಸಿಗುವುದು 680. ಪಕ್ಕಪಕ್ಕದಲ್ಲಿ ಜೋಡಿಸುವುದಾದರೆ ಮಾತ್ರ ಪ್ರತಿ ದೀಪಕ್ಕೂ ಪ್ರತ್ಯೇಕ ರೆಸಿಸ್ಟರ್ ಇರಲೇಬೇಕು. ಕೆಂಪು ಮತ್ತು ಬಿಳಿ ದೀಪಗಳನ್ನು ಒಂದೇ ರೆಸಿಸ್ಟರಿನ ಕೆಳಗೆ ಪಕ್ಕಪಕ್ಕ ಕಟ್ಟಿದರೆ ಕರೆಂಟೆಲ್ಲ ಕಡಿಮೆ ವೋಲ್ಟಿನ ಕೆಂಪಿಗೆ ಹರಿದು, ಬಿಳಿ ಉರಿಯುವುದೇ ಇಲ್ಲ.

ಕರೆಂಟ್ ಎಲ್ಲಿಂದ?

ಹಳೆಯ ರೂಟರಿನ 12 ವೋಲ್ಟ್, 1 ಆಂಪ್ ಅಡಾಪ್ಟರ್ ಮನೆಯಲ್ಲಿದ್ದರೆ ಬೇರೆ ಬೇಡ. ಇಪ್ಪತ್ತು ದೀಪ ತಲಾ 5 ಮಿಲಿಆಂಪ್ ತೆಗೆದುಕೊಂಡರೂ ಒಟ್ಟು 0.1 ಆಂಪ್, ಅಡಾಪ್ಟರಿಗೆ ಬೆಚ್ಚಗೂ ಆಗುವುದಿಲ್ಲ. ಅಡಾಪ್ಟರ್ ಮೇಲೆ ಡಿಸಿ, ಎಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್, ಎಂದು ಬರೆದಿದೆಯೇ ನೋಡಿಕೊಳ್ಳಿ.

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು, ಲೈನ್ ಹರಿದು, ಕರೆಂಟ್ ಹೋಗುವುದು ಮಾಮೂಲು. ಆಗ ಪವರ್‌ಬ್ಯಾಂಕಿಗೆ ಜೋಡಿಸಿ ನೋಡಿದೆ. ಅರ್ಧ ನಿಮಿಷ ಉರಿದು ಆರಿಹೋಯಿತು, ಮತ್ತೆ ಹಾಕಿದರೆ ಮತ್ತೆ ಅದೇ. ದೀಪಗಳು ಎಳೆಯುವ ಕರೆಂಟ್ ತೀರಾ ಕಡಿಮೆಯಾದಾಗ ಫೋನ್ ತೆಗೆದರು ಎಂದುಕೊಂಡು ಎಷ್ಟೋ ಪವರ್‌ಬ್ಯಾಂಕ್‌ಗಳು ತಾವಾಗಿ ನಿಂತುಬಿಡುತ್ತವೆ. ಅದಕ್ಕಿಂತ ವೈಫೈಗೆಂದು ಇಟ್ಟುಕೊಳ್ಳುವ 12 ವೋಲ್ಟಿನ ಮಿನಿ ಯುಪಿಎಸ್ ಒಳ್ಳೆಯದು. ಮನೆಯಿಂದಲೇ ಕೆಲಸ ಮಾಡುವವರ ಮನೆಗಳಲ್ಲಿ ಈಗ ಅದು ಇದ್ದೇ ಇರುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಶುರುವಾದ ಕೂಡಲೇ ಅಡಾಪ್ಟರನ್ನು ಪ್ಲಗ್‌ನಿಂದ ಕಿತ್ತಿಡುವುದನ್ನು ಮರೆಯಬೇಡಿ.

ತಂತಿಗೂ ದುಡ್ಡು ಕೊಡಬೇಕಾಗಿಲ್ಲ. ಇಂಟರ್‌ನೆಟ್ ಕೇಬಲ್ ಎಳೆಯುವವರು ಬಿಟ್ಟುಹೋದ ತುಂಡನ್ನು ಸೀಳಿದರೆ ಒಳಗೆ ಬಣ್ಣಬಣ್ಣದ ಎಂಟು ತಂತಿ. ಕಂಬದೊಳಗೆ ಹೋಗುವಷ್ಟು ಸಪೂರ ತಂತಿ ಬೇಕಾದರೆ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೇಳಿ. ಪಂಪ್‌ಸೆಟ್ ಇಲ್ಲದ ಕಾಫಿ ತೋಟ ಕಡಿಮೆ, ಹಾಗಾಗಿ ಅಂಥ ಅಂಗಡಿ ಇಲ್ಲದ ಪೇಟೆಯೂ ಕೊಡಗಿನಲ್ಲಿ ಕಡಿಮೆ.

ಬೆಳಕಿಗೆ ರೂಪ ಕೊಡುವುದು

ನಾಲ್ಕಡಿ ಟ್ಯೂಬ್‌ಲೈಟ್ ಎಚ್‌ಓ ಅಳತೆಯಲ್ಲಿ ಸರಿಯಾಗಿ 14 ಮಿ.ಮೀ. ಖಾಲಿಯಾದ ಬಾಲ್‌ಪೆನ್ನಿನ ಬಿಳಿ ರಿಫಿಲ್ಲನ್ನು ಸ್ಪಿರಿಟ್‌ನಲ್ಲಿ ಚೆನ್ನಾಗಿ ತೊಳೆದು 14 ಮಿ.ಮೀ.ಗೆ ಕತ್ತರಿಸಿ. ಒಂದು ತುದಿಗೆ ತಂಪು ಬಿಳಿಯ ಸಣ್ಣ ಎಲ್‌ಇಡಿ ಕೂರಿಸಿ, ತುದಿಯನ್ನು ಕಪ್ಪು ಬಣ್ಣದಿಂದ ಮುಚ್ಚಿ. ಪ್ಲಾಟ್‌ಫಾರಂ ಮಾಡಿನ ಅಡಿಯಲ್ಲಿ ಇಂಥ ಎರಡು ಸಾಕು. ಆ ನೀಲಿ ಬಿಳುಪಿನ ಪ್ಯಾಕೆಟ್ ನನಗೆ ಕೊನೆಗೆ ಉಪಯೋಗಕ್ಕೆ ಬಂದದ್ದು ಇಲ್ಲೇ. ಆರು ಮೀಟರಿನ ದೀಪದ ಕಂಬವಾದರೆ 69 ಮಿ.ಮೀ. ಎತ್ತರ.

ಹಳೆಯ ಕಾಲದ ಗುಂಡು ಬಲ್ಬಿನ ಬೆಳಕು ಬೇಕಾದ ಕಡೆ, ಬೆಚ್ಚನೆಯ ಎಲ್‌ಇಡಿ ಸಿಗದಿದ್ದರೆ, ಗಟ್ಟಿ ಕಾಫಿ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿದ ಟಿಶ್ಯೂ ಕಾಗದವನ್ನು ಕಿಟಕಿಯ ಒಳಗಡೆ ಅಂಟಿಸಿ. ತೆಳು ಡಿಕಾಕ್ಷನ್‌ಗೆ ಹಳದಿ, ಎರಡನೇ ಸಲ ಅದ್ದಿದರೆ ಕಂದು. ಅಂಗಡಿಯ ಯಾವ ಬಣ್ಣದ ಹಾಳೆಯಲ್ಲೂ ನನಗೆ ಈ ಮುಸ್ಸಂಜೆಯ ಛಾಯೆ ಸಿಕ್ಕಿಲ್ಲ. ಗೋಡೆಗಳ ಒಳಮೈಗೆ ಮೊದಲು ಕಪ್ಪು, ಅದರ ಮೇಲೆ ಬಿಳಿ ಬಣ್ಣ ಬಳಿಯಿರಿ. ಕಪ್ಪು ಬೆಳಕನ್ನು ಸೋರಲು ಬಿಡುವುದಿಲ್ಲ, ಬಿಳಿ ಅದನ್ನು ಕೋಣೆಯಲ್ಲಿ ಹರಡುತ್ತದೆ. ಕಿಟಕಿಯ ಪ್ಲಾಸ್ಟಿಕ್ ಹತ್ತಿರ ಫೆವಿಕ್ವಿಕ್ ಬಳಸಬೇಡಿ, ಅದರ ಆವಿ ತಾಗಿ ಪ್ಲಾಸ್ಟಿಕ್ ಮಂಜು ಮುಸುಕಿದಂತೆ ಬಿಳಿಚುತ್ತದೆ.

ಸಿಗ್ನಲ್ಲಿಗೆ ಕೆಂಪು, ಹಳದಿ, ಹಸಿರು. ನಮ್ಮ ರೈಲ್ವೆಯ ನಾಲ್ಕು ಸೂಚನೆಯ ಸಿಗ್ನಲ್ ಮಾಡುವವರು ಎರಡು ಹಳದಿ ಇಡಬೇಕು. ಕೆಂಪು, ಒಂದು ಹಳದಿ, ಜೋಡಿ ಹಳದಿ, ಹಸಿರು ಎಂಬ ನಾಲ್ಕೂ ಅಲ್ಲಿ ಬರುತ್ತವೆ.

ಬೋಗಿಯೊಳಗಿನ ದೀಪಕ್ಕೆ ಹಳಿಯಿಂದಲೇ ಕರೆಂಟ್ ತೆಗೆಯುವುದಾದರೆ ಒಂದು ತೊಡಕಿದೆ. ಸಾದಾ ಡಿಸಿ ಹಳಿಯಲ್ಲಿ ರೈಲು ಹಿಂದಕ್ಕೆ ಚಲಿಸುವಾಗ ಪ್ಲಸ್, ಮೈನಸ್ ಅದಲುಬದಲಾಗುತ್ತವೆ. ಎಲ್‌ಇಡಿ ಉಲ್ಟಾ ವೋಲ್ಟೇಜನ್ನು ಸುಮಾರು 5 ವೋಲ್ಟಿಗಿಂತ ಹೆಚ್ಚು ತಾಳುವುದಿಲ್ಲ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 1ಎನ್4007 ಡಯೋಡ್ ನಾಲ್ಕನ್ನು ಕೂಡಿಸಿದ ಬ್ರಿಡ್ಜ್ ಹಾಕಿದರೆ ಎರಡೂ ದಿಕ್ಕಿನಲ್ಲಿ ಉರಿಯುತ್ತದೆ. ಅದರ ನಂತರ 470 ಮೈಕ್ರೋಫ್ಯಾರಡ್, 25 ವೋಲ್ಟಿನ ಕೆಪಾಸಿಟರ್ (ಸ್ವಲ್ಪ ಕರೆಂಟನ್ನು ಕೂಡಿಟ್ಟುಕೊಳ್ಳುವ ಬಿಡಿಭಾಗ) ಇಟ್ಟರೆ ಮಿಣುಕುವುದೂ ನಿಲ್ಲುತ್ತದೆ. ಕಡೆಯ ಬೋಗಿಯ ಹಿಂದೆ ತಾನಾಗಿ ಮಿನುಗುವ ಜಾತಿಯ ಕೆಂಪು ಎಲ್‌ಇಡಿ ಮರೆಯಬೇಡಿ. ನಿಜವಾದ ರೈಲಿನ ಬಾಲದಲ್ಲೂ ಅದು ಹಾಗೇ ಮಿನುಗುತ್ತದೆ.

ಮಳೆಗಾಲಕ್ಕೆ ಮುಂಚೆ

ಬಟ್ಟೆ ಒಣಗದ, ಚಪ್ಪಲಿಗೂ ಬೂಸು ಹಿಡಿಯುವ ನಮ್ಮ ಮಳೆಯಲ್ಲಿ ಬೆಸುಗೆಗಳು ಹಸಿರುಗಟ್ಟುತ್ತವೆ. ಬೆಸುಗೆ ಹಿಡಿಯಲೆಂದು ಬಳಸುವ ಫ್ಲಕ್ಸ್ ಎಂಬ ಅಂಟು, ಬೆಸುಗೆ ಹಾಕಿದ ಮೇಲೂ ಉಳಿದು, ತೇವ ಹೀರಿ ತಾಮ್ರವನ್ನು ತಿನ್ನುತ್ತದೆ. ಪ್ರತಿ ಬೆಸುಗೆಯನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿ, ಒಣಗಿದ ಮೇಲೆ ಬಣ್ಣವಿಲ್ಲದ ನೇಲ್‌ಪಾಲಿಶ್ ಹಚ್ಚಿ. ಬ್ಯಾಟರಿ ಹಾಕಿದ ಬೋಗಿಗಳಿಂದ ಮೇ ಕೊನೆಯೊಳಗೆ ಬ್ಯಾಟರಿ ತೆಗೆದಿಡಿ. ಬಿಡಿ ಎಲ್‌ಇಡಿಗಳನ್ನು ಮುಚ್ಚಳ ಬಿಗಿಯಾಗುವ ಡಬ್ಬಿಯಲ್ಲಿ, ಶೂ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜತೆ ಇಡಿ.

ಹಲಗೆಯ ಅಡಿಯಲ್ಲಿ ಪ್ರತಿ ತಂತಿಯ ಎರಡೂ ತುದಿಗೆ ಕಾಗದದ ಪಟ್ಟಿ ಸುತ್ತಿ ಬರೆಯಿರಿ: ಯಾವ ದೀಪ, ಎಷ್ಟು ಓಮ್. 'ಮಾಸ್ಟರ್ ಕೋಣೆ, 8.2ಕೆ' ಎಂದು ಪೆನ್ಸಿಲ್ಲಿನಲ್ಲಿ ಬರೆದ ಪಟ್ಟಿ ನನ್ನ ಹಲಗೆಯಡಿ ಎರಡು ಮಳೆಗಾಲ ಕಳೆದಿದೆ. ಪೆನ್ನಿನಲ್ಲಿ ಬರೆದವೆಲ್ಲ ಶೀತಕ್ಕೆ ಹರಡಿಹೋದವು.